ಪ್ಲೂಟೊದಲ್ಲಿ ಗಾಳಿ ಉಂಟಾ?

ನನ್ನ ಸೋದರಮಾವನಿಗೆ ಸ್ವಂತ ಭಾವನ ಮನೆಯ ದಾರಿ ಮರೆತುಹೋಗುತ್ತದೆ, ಪ್ಲೂಟೊ ಎಲ್ಲಿದೆ ಎಂಬುದು ಮಾತ್ರ ಮರೆಯುವುದಿಲ್ಲ! ವೇಣೂರಿನಲ್ಲಿ ಅವರದೊಂದು ಸಣ್ಣ ಹೋಟೆಲು, ಹಿಂದೆಯೇ ಮನೆ. ಈ ವರ್ಷ ಅತ್ತೆಗೆ ಚಿನ್ನದ ಬಳೆ ಎಂದು ಮಾತಾಗಿತ್ತು. ಬಂದದ್ದು ಆಳೆತ್ತರದ ದೂರದರ್ಶಕ.

"ಬಳೆ ಆಮೇಲೆ ತೆಗೆಯುವ. ಪ್ಲೂಟೊ ಒಂದು ನಕ್ಷತ್ರಕ್ಕೆ ಅಡ್ಡ ಬರುವುದು ನಮ್ಮ ಊರಿಂದ ಇನ್ನೊಮ್ಮೆ ಕಾಣ್ಲಿಕ್ಕಿಲ್ಲ!"

ಅಡ್ಡ ಬಂದರೆ ಏನಾಗುತ್ತದೆ? ಕೇಳಿದವನು ಕೆಟ್ಟ! ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಕೇಳಿಯೇಬಿಟ್ಟರು. ಮಾವ ಉರಿಯುವ ಬಲ್ಬಿಗೆ ತಟ್ಟೆ ಅಡ್ಡ ಹಿಡಿದರು. ಬೆಳಕು ಫಕ್ಕನೆ ಮರೆಯಾಯಿತು. ಆಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಹಬೆಯೇರಿದಂತೆ ಬಲ್ಬು ನಿಧಾನವಾಗಿ ಮಂಕಾಯಿತು.

"ಬರೀ ಕಲ್ಲಾದರೆ ನಕ್ಷತ್ರ ಒಮ್ಮೆಲೇ ಹೋಗ್ತದೆ. ಸುತ್ತ ಗಾಳಿ ಇದ್ದರೆ ಮೆಲ್ಲ ಹೋಗ್ತದೆ!"

"ಗಾಳಿ ಇರಲಿ ಅಣ್ಣ, ಇಡ್ಲಿ ಉಂಟಾ?"

ಗಾಳಿ ಇದೆ ಎಂದು ಪುಸ್ತಕದಲ್ಲೇ ಇದೆಯಲ್ಲ ಎಂದು ನಾನೂ ಬಾಯಿ ಹಾಕಿದೆ. "ಇರಲಿ ಮಾರಾಯ, ನನ್ನ ಕಣ್ಣಿಗೆ ಕಾಣಬೇಡವಾ?" ಎಂದರು. ಅಷ್ಟೇ ಅವರ ಆಸೆ.

ಪ್ಲೂಟೊ ಅಡ್ಡ ಬರುವ ದಿನ ಕತ್ತಲಾಗುತ್ತಲೇ ದೀಪ ಆರಿಸಿ ಎಂದು ಮಾವ ಮನೆಮನೆಗೆ ಹೋಗಿ ಕೇಳಿಕೊಂಡಿದ್ದರು. ನೆರೆಕರೆಯವರು ಪಾಪ, ಒಳ್ಳೆಯವರು. ಎಲ್ಲರೂ ಆರಿಸಿದರು. ಆದರೆ ಕತ್ತಲೆಯಲ್ಲಿ ಮನೆಯೊಳಗೆ ಕೂತು ಮಾಡುವುದೇನು? ಮೊಬೈಲ್ ಟಾರ್ಚ್ ಹೊತ್ತಿಸಿಕೊಂಡು ದೂರದರ್ಶಕ ಇಟ್ಟಿದ್ದ ಮಾವನ ಅಂಗಳಕ್ಕೇ ಬಂದರು!

"ಟಾರ್ಚ್ ಬಂದ್ ಮಾಡಿ!"

"ಹಾವುಗೀವು ಇದ್ದರೆ?"

ಹೊತ್ತು ಹತ್ತಿರವಾಯಿತು. ಬೇರೆ ದಾರಿ ಕಾಣದೆ ಮಾವ ಉಟ್ಟ ಮುಂಡು ಬಿಚ್ಚಿ, ಪಟ್ಟೆ ಚಡ್ಡಿಯಲ್ಲೇ ಆ ಬೆಳಕಿಗೆಲ್ಲ ಅಡ್ಡ ಹಿಡಿದು ನಿಂತರು! "ನೀನು ನೋಡು, ಬೇಗ!" ಎಂದು ಅತ್ತೆಯನ್ನು ಕೂಗಿದರು. "ಇದೆಂಥ ಮರ್ಲು ಮಾರಾಯ್ರೆ" ಎಂದು ತಿಂಗಳುಗಟ್ಟಲೆ ಬೈದಿದ್ದ ಅತ್ತೆ ಓಡಿಬಂದು ದೂರದರ್ಶಕಕ್ಕೆ ಕಣ್ಣಿಟ್ಟರು.

"ಒಮ್ಮೆಲೇ ಹೋಯಿತಾ?"

"ಇಲ್ಲ, ಮೆಲ್ಲ ಹೋಗ್ತಾ ಉಂಟು... ಮೆಲ್ಲ... ಹೋಯಿತು. ಬನ್ನಿ, ನೀವು ನೋಡಿ! ಮುಂಡು ನಾನು ಹಿಡೀತೇನೆ!"

ಮಾವ ಕದಲಲಿಲ್ಲ. "ಬಿಟ್ಟರೆ ಬೆಳಕು ಬೀಳ್ತದೆ. ನಕ್ಷತ್ರ ವಾಪಸು ಬರುವುದನ್ನೂ ನೀನೇ ನೋಡು."

ಸ್ವಲ್ಪ ಹೊತ್ತಾದ ಮೇಲೆ, "ಬಂತು, ಮೆಲ್ಲ ಬಂತು," ಎಂದು ಅತ್ತೆ ಕೂಗಿದರು. ಮಾವ ಏನನ್ನೂ ನೋಡಿರಲಿಲ್ಲ. ಕಣ್ಣು ತುಂಬಿಕೊಂಡು, ಚಡ್ಡಿಯಲ್ಲೇ ಊರವರತ್ತ ತಿರುಗಿ ಸಾರಿದರು:

"ಗಾಳಿ ಉಂಟು! ನನ್ನ ಹೆಂಡತಿಯೇ ನೋಡಿದ್ದು!"