ಎರಡು ದೇಶದ ಟ್ಯಾಕ್ಸು

ಓಲಿವರನಿಗೆ ಅಮೆರಿಕದಲ್ಲಿ ಲಾರಿ ಓಡಿಸುವ ಭಾವ ಒಬ್ಬ ಇಲ್ಲದೇ ಹೋಗಿದ್ದರೆ ಲಾರಿ ಡ್ರೈವರ್ ಸೇಸಪ್ಪನ ಆ ದಿನ ಸುಖವಾಗಿಯೇ ಕಳೆಯುತ್ತಿತ್ತು.

ಬಹ್ರೈನಿನ ಸಲ್ಮಾಬಾದಿನಲ್ಲಿ ಅಬ್ದುಲ್ ಹಕೀಂ ಬ್ಯಾರಿಯ ಹೋಟೆಲಿನಲ್ಲಿ ಬೆಳಗಿನ ಚಾ ಕುಡಿಯುವಾಗ, ಸೇಸಪ್ಪನ ಕೋಣೆಯಲ್ಲೇ ಇರುವ ಓಲಿವರ್ ಮೊಬೈಲಿನಿಂದ ತಲೆ ಎತ್ತಿದ.

“ನಮ್ಮ ಭಾವನ ಮನೆ ಒಂದು ರಾಜ್ಯದಲ್ಲಿ, ಕಂಪನಿ ಇನ್ನೊಂದು ರಾಜ್ಯದ್ದು. ಈಗ ಎರಡೂ ರಾಜ್ಯದವರು ಇನ್‌ಕಮ್ ಟ್ಯಾಕ್ಸ್ ಕೇಳ್ತಾರಂತೆ ಮಾರಾಯ. ನಿಂದೂ ಹಾಗೇ ಅಲ್ವಾ? ಮಲಗುವುದು ಬಹ್ರೈನಲ್ಲಿ, ಸಂಬಳ ಸೌದಿ ಕಂಪನಿಯದ್ದು.”

ಸೇಸಪ್ಪನ ಎದೆ ಕಾವಲಿಗೆ ಬಿದ್ದ ನೀರುದೋಸೆ ಹಿಟ್ಟಿನಂತೆ ಚುರ್ ಎಂದಿತು. ಅದೇ ದಿನ ಊರಲ್ಲಿ ಮಗಳು ವಿನಿತಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಒಳ್ಳೆಯ ಸಂಬಂಧ. ಅಪ್ಪನನ್ನು ಸರಕಾರ ಹುಡುಕುತ್ತಿದೆ ಎಂದು ಗೊತ್ತಾದರೆ ಯಾರು ಹೆಣ್ಣು ತೆಗೆದುಕೊಳ್ಳುತ್ತಾರೆ?

“ಇಲ್ಲಿ ಅಂಥದ್ದೆಲ್ಲ ಇಲ್ಲ, ಅಲ್ವಾ ಹಕೀಂಚ್ಚ?”

“ವ್ಯಾಟ್ ಮೊದ್ಲು ಇತ್ತಾ? ಬರ್ಲಿಲ್ವಾ?” ಎಂದರು ಹಕೀಂ.

“ಕೊಡದಿದ್ರೆ ಎಂತ ಮಾಡ್ತಾರೆ?”

“ಎರಡು ದೇಶ ಅಲ್ವಾ? ಒಂದು ದೇಶದವರು ಹಿಡೀತಾರೆ, ಇನ್ನೊಂದು ದೇಶದವರು ಒಳಗೆ ಇಡ್ತಾರೆ,” ಎಂದ ಓಲಿವರ್. ಸೇಸಪ್ಪನ ಮುಖ ನೋಡಿ ಹಕೀಮರಿಗೆ ಪಾಪ ಅನಿಸಿತು. “ಹೆದರ್ಬೇಡ ಸೇಸಪ್ಪಣ್ಣ. ಚಕ್ರ ಯಾವ ನೆಲದಲ್ಲಿ ತಿರುಗ್ತದೋ ಆ ನೆಲಕ್ಕೆ ಟ್ಯಾಕ್ಸು, ಅಷ್ಟೇ.”

ಅಸ್ಕರಿನ ಕಾರ್ಖಾನೆಯಲ್ಲಿ ಲಾರಿಗೆ ಅಲ್ಯೂಮಿನಿಯಂ ಲೋಡು ಹತ್ತಿಸುತ್ತಿರುವಾಗ ಸೇಸಪ್ಪ ಹೆಂಡತಿಗೆ ಫೋನು ಮಾಡಿದ. “ಉಮಾ, ಎರಡು ಸರಕಾರ ಸೇರಿ ನನ್ನಿಂದ ಟ್ಯಾಕ್ಸ್ ತೆಗೀತವಂತೆ. ಗಂಡಿನವರಿಗೆ ಮಾತ್ರ ಗೊತ್ತಾಗ್ಬಾರ್ದು.” ಉಮಾವತಿ ಅತ್ತು, ಪಕ್ಕದ ಮನೆಯ ರೋಜಿಬಾಯಿಗೆ ಮಾತ್ರ ಹೇಳಿದಳು.

ಸೌದಿಯ ದಮ್ಮಾಮಿಗೆ ಹೋಗುವ ಸೇತುವೆಯ ಮಧ್ಯದಲ್ಲಿ ಗಡಿ. ಬಹ್ರೈನಿನ ಮೊಹರು ಬಿದ್ದಾಗಿತ್ತು, ಸೌದಿಯದ್ದು ಇನ್ನೂ ಬಿದ್ದಿರಲಿಲ್ಲ. ಹಿಂದೆ ಒಂದು ದೇಶ, ಮುಂದೆ ಒಂದು ದೇಶ, ಕೆಳಗೆ ಸಮುದ್ರ. ಮೀನುಗಳು ಟ್ಯಾಕ್ಸ್ ಕೇಳುವುದಿಲ್ಲ. ಚಕ್ರ ತಿರುಗದಿದ್ದರೆ ಟ್ಯಾಕ್ಸೂ ಇಲ್ಲ ಎಂದುಕೊಂಡು ಸೇಸಪ್ಪ ಇಂಜಿನ್ ಆಫ್ ಮಾಡಿ ಕುಳಿತ.

ಹಿಂದಿನ ಲಾರಿಗಳು ಮದುವೆ ಬ್ಯಾಂಡಿನಂತೆ ಒಟ್ಟಿಗೆ ಹಾರ್ನ್ ಊದಿದವು. ಒಬ್ಬ ಪಠಾಣ ಕಿಟಕಿಯಿಂದ ಅರಚಿದ: “ಓ ಭಾಯ್, ಮರ್ ಗಯಾ ಕ್ಯಾ?”

“ನಹೀ, ಸೋಚ್ ರಹಾ ಹೂಂ!”

ಬಹ್ರೈನ್ ಕಡೆಯ ಅಧಿಕಾರಿ ಬಂದು ಬಾಗಿಲು ಬಡಿದ. ಸೇಸಪ್ಪ ಕೆಳಗಿಳಿದು, ಕೇಳುವ ಮೊದಲೇ ಎಲ್ಲವನ್ನೂ ಹರಕು ಹಿಂದಿಯಲ್ಲಿ ಒಪ್ಪಿಸಿದ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಸದೀಕ್, ದೋಸ್ತ್, ಸಂಬಳದ ಮೇಲೆ ಇಲ್ಲೂ ಟ್ಯಾಕ್ಸ್ ಇಲ್ಲ, ಅಲ್ಲೂ ಇಲ್ಲ. ಗಾಡಿ ತೆಗಿ!”

ಹೋದ ಜೀವ ಬಂದಂತಾಯಿತು. ಕ್ಯಾಬಿನ್ ಹತ್ತಿದ ಕೂಡಲೇ ಊರಿಗೆ ಫೋನು ಮಾಡಿದ. ಅವನು ಬಾಯಿ ತೆರೆಯುವ ಮೊದಲೇ ಉಮಾವತಿ ಕೂಗಿದಳು.

“ರೀ, ಸಂಬಂಧ ಗಟ್ಟಿಯಾಯ್ತು! ಆ ರೋಜಿಬಾಯಿ ಗಂಡಿನ ಅಪ್ಪನೆದುರೇ ಟ್ಯಾಕ್ಸಿನ ಸುದ್ದಿ ಎತ್ತಿಬಿಟ್ರು. ನನ್ನ ಕೈಯಲ್ಲಿದ್ದ ಶರಬತ್ತು ಚೆಲ್ಲಿಯೇ ಹೋಯ್ತು. ಆದ್ರೆ ಅವರು ಎದ್ದೇ ನಿಂತ್ರು. ‘ಎರಡು ದೇಶಕ್ಕೆ ಟ್ಯಾಕ್ಸ್ ಕಟ್ಟುವವರಾ! ನಾವು ಬರೀ ಡ್ರೈವರ್ ಅಂದ್ಕೊಂಡಿದ್ದೆವು’ ಅಂತ. ಮಂಗ್ಳೂರಲ್ಲಿ ಏಸಿ ಹಾಲ್, ಸಾವಿರದ ಇನ್ನೂರು ಜನಕ್ಕೆ ಊಟ ಅಂದ್ರು. ನಾನು ಆಯ್ತು ಅಂದೆ.”

“ಅಯ್ಯೋ, ಟ್ಯಾಕ್ಸೇ ಇಲ್ಲ ಮಾರಾಯ್ತಿ! ಒಂದು ದೇಶಕ್ಕೂ ಇಲ್ಲ!”

ಉಮಾವತಿಯ ದನಿ ಪಿಸುಮಾತಿಗೆ ಇಳಿಯಿತು: “ಅದನ್ನು ಇನ್ನೊಮ್ಮೆ ಬಾಯಿಬಿಟ್ರೆ ಮದುವೆ ಮುರೀತದೆ. ಎರಡೂ ದೇಶದ ರಶೀದಿ ನೋಡ್ಬೇಕಂತೆ ಅವರಿಗೆ. ಸಂಜೆಯೊಳಗೆ ವಾಟ್ಸಾಪಿಗೆ ಹಾಕಿ.”

ಸೇಸಪ್ಪ ಹಾರ್ನುಗಳ ನಡುವೆಯೇ ಕೆಳಗಿಳಿದು ಅಧಿಕಾರಿಯ ಹಿಂದೆ ಓಡಿದ.

“ಸಾಬ್, ಸ್ವಲ್ಪವಾದ್ರೂ ಟ್ಯಾಕ್ಸ್ ತಗೊಳ್ಳಿ. ನನಗೆ ರಶೀದಿ ಸಾಕು!”

ಈ ಸಲ ಅಧಿಕಾರಿ ನಗಲಿಲ್ಲ. ದಾರಿ ತಡೆದದ್ದಕ್ಕೆ ದಂಡ ಬರೆದು, ಅರಬ್ಬಿ ಅಕ್ಷರದ ಚೀಟಿಯನ್ನು ಅವನ ಕೈಗೆ ತುರುಕಿದ.

ಸೇಸಪ್ಪ ‘ಬಹ್ರೈನಿನದ್ದಾಯ್ತು’ ಎಂದು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದ. ಮತ್ತೆ ದೇವರನ್ನು ನೆನೆದು, ಲಾರಿಯನ್ನು ನಿಧಾನವಾಗಿ ಮುಂದೆ ಬಿಟ್ಟು, ಸೌದಿ ಗೇಟಿಗೆ ಸರಿಯಾಗಿ ಅಡ್ಡ ನಿಲ್ಲಿಸಿದ.