ಭಾವನ ಮೂಗಿನ ಕೆಳಗಿನ ಸೂಜಿ

ಇವತ್ತು ಭಾನುವಾರ. ಬೆಳಗ್ಗೆಯಿಂದ ಮಾಡಿದ ಕೆಲಸ ಇಷ್ಟು: ಓವನ್ನಿನೊಳಗೆ ಬೆಚ್ಚಗಿಟ್ಟಿದ್ದ ಹಾಲು ಹೆಪ್ಪಾಗಿದೆಯೇ ಎಂದು ನೋಡಿದೆ, ಪುಣ್ಯಕ್ಕೆ ಆಗಿತ್ತು. ಲಾಂಡ್ರಿ ಹಾಕಿದೆ. ಹಿತ್ತಲಿನ ಕರಿಬೇವಿನ ಕುಂಡವನ್ನು ಬಿಸಿಲಿಗೆ ಎಳೆದಿಟ್ಟೆ. ಕಡಲೇಬೇಳೆ ಬೇಯಲಿಟ್ಟು ಗ್ರೋಸರಿಗೆ ಹೋಗಿ ಸೌತೆಕಾಯಿ ತಂದೆ. ಗ್ಯಾರೇಜಿನಿಂದ ಮಡಿಸುವ ಕುರ್ಚಿ ತಂದು ಒರೆಸಿದೆ. ಆಮೇಲೆ ಹೊಲಿಗೆ ಡಬ್ಬಿ, ಸೇಫ್ಟಿ ಪಿನ್ನು, ಹೂ ಕಟ್ಟುವ ಸೂಜಿ, ಟೂತ್‌ಪಿಕ್ಕು, ಒಟ್ಟಿನಲ್ಲಿ ಮೊನೆಯಿರುವ ಪ್ರತಿಯೊಂದು ವಸ್ತುವನ್ನೂ ಹುಡುಕಿ ಕಪಾಟಿನ ಮೇಲಿನ ಅರೆಗೆ ಏರಿಸಿದೆ.

ಮನೆಗೆ ಅಂಬೆಗಾಲಿಡುವ ಮಗು ಬರುತ್ತಿದೆ ಎಂದುಕೊಂಡಿರಾ? ಬರುತ್ತಿದ್ದವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ವಯಸ್ಸು ಐವತ್ತರ ಹತ್ತಿರ. ಅವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳುವವರಿಗೆ ಅಡ್ಡಿಯನ್ನೂ ಮಾಡುವುದಿಲ್ಲ!

ಇಲ್ಲಿ ಅಮೆರಿಕದಲ್ಲಿ ಭಾವ ಸ್ಯಾನ್ ಹೋಸೆಯ ಪಕ್ಕದ ಕ್ಯಾಂಪ್‌ಬೆಲ್‌ನಲ್ಲಿದ್ದಾರೆ, ನಾವು ಎವರ್‌ಗ್ರೀನ್‌ನಲ್ಲಿ. ಅವರ ಕೆಲಸ ಸರ್ಕ್ಯೂಟು ಪರೀಕ್ಷೆ ಮಾಡುವುದು. ಮನೆಯಲ್ಲಿಯೂ ಅದೇ ಬುದ್ಧಿ. ನಮ್ಮ ಟೋಸ್ಟರು, ನಮ್ಮ ಟೀವಿ, ನಮ್ಮ ಅತ್ತೆಯವರ ಜಪಸರ, ಎಲ್ಲವನ್ನೂ ಒಮ್ಮೆ ಬಿಚ್ಚಿ ಜೋಡಿಸಿದ್ದಾರೆ. ಜಪಸರ ಜೋಡಿಸಿದ ಮೇಲೆ ಮೂರು ಮಣಿ ಮಿಕ್ಕವು. “ಅವು ಇಲ್ದಿದ್ರೂ ನಡೆಯುತ್ತೆ” ಎಂದು ಅತ್ತೆಗೆ ಧೈರ್ಯ ಹೇಳಿದರು.

ಇಂಥವರ ಹೆಂಡತಿಗೆ, ನನ್ನ ಅಕ್ಕನಿಗೆ, ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ನಿಲ್ಲದೆ ಎಡಗಡೆಯಿಂದ ಸುರಿದುಹೋಯಿತು. ಕನ್ನಡಿ ನೋಡಿಕೊಂಡರೆ ಮುಖದ ಎಡ ಅರ್ಧ ಜೋತುಬಿದ್ದಿತ್ತು. ಆಸ್ಪತ್ರೆಯ ಡಾಕ್ಟರು ಪಾರ್ಶ್ವವಾಯು ಅಲ್ಲ, ಮುಖದ ನರ ಊದಿಕೊಂಡಿದೆ ಎಂದು ಮಾತ್ರೆ ಕೊಟ್ಟರು. ಬಹಳ ಜನಕ್ಕೆ ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ, ಕಾಯಬೇಕು ಎಂದರು.

ನಮ್ಮ ಅಕ್ಕ ನಗುವುದಕ್ಕೇ ಹೆಸರಾದವಳು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಅವಳು ಎಲ್ಲಿ ಕೂತಿದ್ದಾಳೆಂದು ಪಾರ್ಕಿಂಗ್ ಲಾಟಿನಲ್ಲಿ ನಿಂತವರಿಗೂ ಗೊತ್ತಾಗುತ್ತಿತ್ತು. ಅಂಥವಳು ಸೆರಗನ್ನು ಮೂಗಿನವರೆಗೆ ಹೊದ್ದು ಮನೆಯೊಳಗೆ ಕೂತುಬಿಟ್ಟಳು. ನಗುವುದನ್ನೇ ಬಿಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, “ನಕ್ಕರೆ ಒಂದು ಕಡೆ ನಗುತ್ತೆ ಕಣೇ, ಇನ್ನೊಂದು ಕಡೆ ಯಾರೋ ಪರಸ್ಥಳದವರ ಥರ ಸುಮ್ನೆ ನೋಡ್ತಾ ಕೂತಿರುತ್ತೆ” ಎಂದಳು. ಸಂಕ್ರಾಂತಿಗೆ ಎಳ್ಳು ಬೀರಲೂ ಬರಲಿಲ್ಲ. ಹೀಗೆಯೇ ಉಳಿದುಬಿಟ್ಟರೆ ಇನ್ನು ನಾಲ್ಕು ಜನರ ಮಧ್ಯೆ ಅವಳು ಬರುವುದಿಲ್ಲ ಎಂಬುದು ನಮಗೆಲ್ಲ ತಿಳಿದಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೇ.

ಇನ್ನು ಕಾಯುವ ವಿಷಯ. ಭಾವನಿಗೆ ‘ಕಾಯಿರಿ’ ಎನ್ನುವುದೂ ಒಂದೇ, ಕುಕ್ಕರಿಗೆ ‘ಕೂಗಬೇಡ’ ಎನ್ನುವುದೂ ಒಂದೇ. ಆಫೀಸಿನಲ್ಲಿ ಪಕ್ಕದ ಮೇಜಿನವರು ಯಾರೋ ಚೀನಾ ಪದ್ಧತಿಯ ಸೂಜಿ ವೈದ್ಯದ ವಿಷಯ ಹೇಳಿದ್ದೇ ತಡ, ನಮ್ಮ ಮನೆಗೆ ಫೋನು ಬಂತು.

“ನೋಡಮ್ಮಾ, ಬಾಡಿ ಅಂದ್ರೆ ವೈರಿಂಗು. ನಿಮ್ಮಕ್ಕಂಗೆ ಎಲ್ಲೋ ಲೂಸ್ ಕಾಂಟ್ಯಾಕ್ಟು. ಸೂಜಿ ಹಾಕಿದ್ರೆ ಕರೆಂಟು ಪಾಸಾಗುತ್ತೆ.”

ಇದರಲ್ಲಿ ಒಂದೇ ತೊಂದರೆ. ಸೂಜಿ ಕಂಡರೆ ಭಾವನಿಗೆ ಪ್ರಾಣ ಹೋದಷ್ಟು ಹೆದರಿಕೆ. ವೀಸಾಕ್ಕಾಗಿ ರಕ್ತ ಕೊಡಬೇಕಾಗಿ ಬಂದಾಗ ಅಮೆರಿಕವನ್ನೇ ಬಿಟ್ಟುಬಿಡೋಣವೇ ಎಂದು ಅರ್ಧ ದಿನ ಯೋಚಿಸಿದ್ದವರು! ಅಕ್ಕನಿಗೆ ಅದು ಗೊತ್ತಿಲ್ಲವೇ? ಅವಳು ಸೆರಗಿನ ಒಳಗಿನಿಂದಲೇ ಷರತ್ತು ಹಾಕಿದಳು: “ಮೊದಲು ನೀವು ಚುಚ್ಚಿಸ್ಕೊಳ್ಳಿ, ಆಮೇಲೆ ನಾನು.” ಅಲ್ಲಿಗೆ ಈ ಮಾತು ಮುಗಿಯಿತೆಂದು ಅವಳ ಲೆಕ್ಕ. ಭಾವ ಕಾರಿನ ಕೀ ತೆಗೆದುಕೊಂಡರು.

ಅವರಿಬ್ಬರ ಜೊತೆಗೆ ನಾನೂ ಹೋದೆ. ಸ್ಯಾನ್ ಹೋಸೆಯ ಒಂದು ಹಳೆಯ ಚರ್ಚಿನ ಹಿಂದಿನ ಹಾಲಿನಲ್ಲಿ ವಾರಕ್ಕೊಮ್ಮೆ ಚೀನಾ ಡಾಕ್ಟರಮ್ಮ ಒಬ್ಬರು ಸುತ್ತಮುತ್ತಲ ಜನಕ್ಕೆಲ್ಲ ಒಟ್ಟಿಗೇ ಸೂಜಿ ಹಾಕುತ್ತಿದ್ದರು. ಬೇರೆ ಬೇರೆ ಕೋಣೆಯಿಲ್ಲ, ಪರದೆಯಿಲ್ಲ. ನಮ್ಮ ಮದುವೆ ಮನೆಯ ಪಂಕ್ತಿಯ ಹಾಗೆ ಎದುರುಬದುರು ಎರಡು ಸಾಲು ಕುರ್ಚಿ. ಹಣ್ಣನ್ನು ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿ ದುಡಿದು ಬೆರಳು ಸೊಟ್ಟಗಾದ ಮುದುಕಿಯರು, ವಿಯೆಟ್ನಾಮಿನ ಅಜ್ಜಂದಿರು, ಸೊಂಟ ಹಿಡಿದ ಒಬ್ಬ ಲಾರಿ ಡ್ರೈವರು. ಎಲ್ಲರ ಕಿವಿಯಲ್ಲೂ ಕೈಯಲ್ಲೂ ಕೂದಲಿನಂಥ ಸೂಜಿ. ಡಾಕ್ಟರಮ್ಮ ಚಿತ್ರಾನ್ನ ಬಡಿಸಿಕೊಂಡು ಬರುವವರ ಹಾಗೆ ಸಾಲಿನುದ್ದಕ್ಕೂ ಬರುವುದು, ಇನ್ನೊಂದು ಹಾಕಲೇ ಎಂದು ಕಣ್ಣಲ್ಲೇ ಕೇಳುವುದು, ಕೂತವರು ಎಲೆಗೆ ಕೈ ಅಡ್ಡ ಹಿಡಿದಂತೆ ಸಾಕು ಸಾಕು ಎನ್ನುವುದು!

ಭಾವ ಮೊದಲ ಕುರ್ಚಿಯಲ್ಲಿ ಕೂತರು. ಅಂಗೈ ಚಾಚಿದರು. ಡಾಕ್ಟರಮ್ಮ ಸೂಜಿಯ ಪೊಟ್ಟಣವನ್ನು ಹರಿದರು. ಸೂಜಿಯಲ್ಲ, ಬರೀ ಪೊಟ್ಟಣ ಹರಿದ ಸದ್ದು. ಭಾವ ಕುರ್ಚಿಯಿಂದ ಒಗೆದ ಪಂಚೆ ಜಾರಿದ ಹಾಗೆ ಜಾರಿ ನೆಲಕ್ಕೆ ಬಂದರು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದಕ್ಷರವೂ ಸೇರಿಸುತ್ತಿಲ್ಲ. ಮೂರ್ಛೆಗೂ ಅವರ ಶಾಸ್ತ್ರದಲ್ಲಿ ಒಂದು ಜಾಗವಿದೆಯಂತೆ, ಮೂಗಿಗೂ ಮೇಲ್ದುಟಿಗೂ ನಡುವಿನ ಹಳ್ಳ. ಡಾಕ್ಟರಮ್ಮ ಮಂಡಿಯೂರಿ ಅಲ್ಲಿಗೆ ಟಪಕ್ಕನೆ ಒಂದು ಸೂಜಿ ಹಾಕಿದರು. ಭಾವ ಕಣ್ಣುಬಿಟ್ಟರು. ಮೂಗಿನ ಕೆಳಗೆ ಏನೋ ಮಿಂಚಿದಂತಾಗಿ, ಎರಡೂ ಕಣ್ಣನ್ನು ಒಂದೇ ಕಡೆ ತಂದು ನೋಡಿದರು. ನೋಡಿದ ಮೇಲೆ, ಮತ್ತೆ ಮೂರ್ಛೆ! ಸೂಜಿಯಿಂದ ಎಚ್ಚರ, ಎಚ್ಚರದಿಂದ ಸೂಜಿಯ ದರ್ಶನ, ದರ್ಶನದಿಂದ ಮೂರ್ಛೆ. ಕೊನೆಗೆ ಲಾರಿ ಡ್ರೈವರು ತನ್ನ ಟೋಪಿಯನ್ನು ಭಾವನ ಕಣ್ಣಿಗೆ ಮುಚ್ಚಿದ ಮೇಲೆ ಈ ಚಕ್ರ ನಿಂತಿತು. ನಾನು ಅಕ್ಕನ ಕಡೆ ನೋಡಿದೆ. ಸೆರಗನ್ನು ಎರಡು ಕೈಯಲ್ಲೂ ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ಮುಖ ಒಡ್ಡಿದಳು.

ಅವತ್ತಿನಿಂದ ಭಾವ ಆ ಹಾಲಿನ ಅಧಿಕೃತ ದತ್ತುಪುತ್ರರಾದರು. ಪ್ರತಿ ವಾರವೂ ಟೋಪಿ ಮುಚ್ಚಿಕೊಂಡು ಮೊದಲ ಸೂಜಿ ಅವರಿಗೇ. ಆಮೇಲೆ ಅಕ್ಕ. ಎಲ್ಲರೂ ಕಣ್ಣುಮುಚ್ಚಿ ಮೌನವಾಗಿರಬೇಕಾದ ಜಾಗ, ಆದರೆ ಟೋಪಿಯ ಒಳಗಿನಿಂದ ಭಾವನ ಪ್ರಶ್ನೆಗಳು ಬರುತ್ತಲೇ ಇರುತ್ತಿದ್ದವು. ಒಂದು ವಾರ ಮೀಟರು ತಂದು ಎಲ್ಲರ ಸೂಜಿಗೂ ಕ್ಲಿಪ್ಪು ಸಿಕ್ಕಿಸಿ ಕರೆಂಟು ಅಳೆದರು. ಕ್ಯಾನರಿ ಅಜ್ಜಿಗೆ ಹೆಚ್ಚು, ಡ್ರೈವರಿಗೆ ಕಡಿಮೆ, ಅಕ್ಕನಿಗೆ ಗಳಿಗೆ ಗಳಿಗೆಗೂ ಏರಿಕೆ ಎಂದು ಘೋಷಿಸಿದರು. ಅಜ್ಜಿ ಹೆಮ್ಮೆಯಿಂದ ಸುತ್ತ ನೋಡಿದಳು. ಮನೆಗೆ ಬಂದು ನೋಡಿದರೆ ಮೀಟರಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಇದನ್ನು ಎತ್ತಿ ಆಡಿದ ನಮ್ಮ ಮನೆಯವರಿಗೆ, “ಬ್ಯಾಟರಿ ಇಲ್ದೇನೇ ಇಷ್ಟು ತೋರಿಸ್ತು ಅಂದ್ರೆ ಅವಳಿಗೆ ಎಷ್ಟಿರಬೇಕು ಯೋಚಿಸಿ” ಎಂದರು.

ಸೂಜಿಯ ಜೊತೆಗೆ ಕಷಾಯವೂ ಇತ್ತು. ಬೇರು, ತೊಗಟೆ, ಒಣಗಿದ ಎಲೆ. ಇಂಥ ಮುಖಕ್ಕೆ ಹಳೆಯ ಕ್ರಮದಲ್ಲಿ ಒಣಗಿಸಿದ ಚೇಳೂ ರೇಷ್ಮೆಹುಳವೂ ಸೇರುತ್ತದೆಂದು ಡಾಕ್ಟರಮ್ಮ ಹೇಳಿ, ನಾವು ಸಸ್ಯಾಹಾರಿಗಳೆಂದು ತಿಳಿದ ಕೂಡಲೇ ಅವೆರಡನ್ನೂ ಪಕ್ಕಕ್ಕಿಟ್ಟರು. ಅಲ್ಲಿಗೆ ಸುಮ್ಮನಿರಬಾರದೇ? ಭಾವನಿಗೆ ಹೆಂಡತಿಯ ಔಷಧಿಯಲ್ಲಿ ಒಂದು ಸ್ಕ್ರೂ ಕಡಿಮೆಯಾಯಿತೆಂಬ ಚಿಂತೆ. ಚೇಳನ್ನು ಬಿಟ್ಟುಕೊಟ್ಟರು. ಹುಳುವನ್ನು ಬಿಡಲಿಲ್ಲ. ಮೈಸೂರಿನಿಂದ ಬಂದು ನಮ್ಮಲ್ಲೇ ಇದ್ದ ನಮ್ಮ ಅತ್ತೆಯವರ ಹತ್ತಿರ ನ್ಯಾಯ ತಂದರು.

“ಅಮ್ಮಾ, ಅಡಿಗೆಗೆ ರೇಷ್ಮೆ ಸೀರೆ ಉಟ್ರೆ ಮಡಿ ತಾನೇ? ಅದು ಹುಳ ಸತ್ತೇ ಬಂದಿದ್ದು. ಹುಳದ ಬಟ್ಟೆ ಮಡಿ, ಹುಳ ಮಾತ್ರ ಮೈಲಿಗೆ, ಇದು ಯಾವ ನ್ಯಾಯ?”

ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಯೋಚಿಸಿದರು. “ಸರಿಯಪ್ಪ. ಹಾಗಾದ್ರೆ ಅವಳಿಗೆ ಸೀರೆ ಉಡಿಸು. ತಿನ್ನಿಸ್ಬೇಡ.”

ಭಾವ ಅಷ್ಟಕ್ಕೇ ಮನೆಗೆ ಹೋಗಿ ಅಕ್ಕನಿಗೆ ಕಷಾಯ ಕುಡಿಯುವಾಗಲೆಲ್ಲ ಮದುವೆಯ ಧರ್ಮಾವರಂ ಸೀರೆ ಉಟ್ಟುಕೊಳ್ಳಬೇಕೆಂದು ಹಟ ಹಿಡಿದರಂತೆ. ಹುಳದ ಸಾರ ಹೊರಗಿನಿಂದಾದರೂ ಹೋಗಲಿ ಎಂದು! ಅಕ್ಕ ಉಡುತ್ತಿದ್ದಳು ಕೂಡ. ಮಂಗಳವಾರ ಬೆಳಗ್ಗೆ ಪೋಸ್ಟ್‌ಮನ್ನು ಬಂದಾಗ ಜರಿ ಸೀರೆಯಲ್ಲಿ ಬಾಗಿಲು ತೆಗೆದಳಂತೆ.

ಇನ್ನು ಭಾವನ ಬೆನ್ನಿನ ಕತೆ. ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಅಕ್ಕ ಎಂದಿನಂತೆ ಬರಲಿಲ್ಲ. ಭಾವ ಒಬ್ಬರೇ ಬಂದು ಶರ್ಟು ತೆಗೆದು ಪಂಚೆ ಉಟ್ಟು ಮಣೆಯ ಪಕ್ಕ ಕೂತರು. ಹೆಗಲ ಶಲ್ಯ ಜಾರಿತು. ಬೆನ್ನ ತುಂಬ ಬಿಲ್ಲೆಯಗಲದ ಕೆಂಪು ಗುರುತುಗಳು, ಕೊರೆದಿಟ್ಟ ಹಾಗೆ ಎರಡು ಸಾಲು. ಅತ್ತೆ ಕೈ ಮುಗಿದುಬಿಟ್ಟರು. ನಮ್ಮಲ್ಲಿ ಮಠದ ಸ್ವಾಮಿಗಳು ಶಂಖ ಚಕ್ರದ ಅಚ್ಚನ್ನು ಹೋಮದ ಬೆಂಕಿಯಲ್ಲಿ ಕಾಯಿಸಿ ಮೈಗೆ ಮುದ್ರೆ ಹಾಕುತ್ತಾರೆ. ಈ ದೇಶಕ್ಕೆ ಬಂದು ಅದು ತಪ್ಪಿಹೋಯಿತೆಂದು ಅತ್ತೆಗೆ ಬಹಳ ಕೊರಗು.

“ಎಲ್ಲಿ ಹಾಕಿಸಿಕೊಂಡ್ಯಪ್ಪಾ? ತೋಳಿಗೆ, ಎದೆಗೆ ನೋಡಿದೀನಿ. ಬೆನ್ನಿಗೆ ಯಾವ ಮಠದ ಪದ್ಧತಿ?”

“ಇಲ್ಲೇ ಡೌನ್‌ಟೌನಲ್ಲಿ. ಬೆಂಕಿ ತೋರಿಸೇ ಹಾಕ್ತಾರೆ.”

“ನೋವಾಗ್ಲಿಲ್ವಾ?”

“ಇಲ್ಲಮ್ಮ. ಹಗುರ ಆಯ್ತು.”

“ಸ್ವಾಮಿಗಳು ಎಷ್ಟು ವಯಸ್ಸಿನೋರು?”

“ಸ್ವಾಮಿಗಳಲ್ಲಮ್ಮ, ಹೆಂಗಸು. ಚೀನಾದೋರು. ಗಾಜಿನ ಲೋಟ ಬಿಸಿ ಮಾಡಿ ಬೆನ್ನಿಗೆ ಕವುಚಿ ಹಾಕ್ತಾರೆ.”

ಅತ್ತೆ ತೀರ್ಥದ ಉದ್ಧರಣೆಯನ್ನು ಕೆಳಗಿಟ್ಟು, ಮಂಗಳಾರತಿ ಮುಗಿಯುವವರೆಗೂ ಭಾವನ ಕಡೆ ತಿರುಗಲಿಲ್ಲ. ಭಾವನಿಗೆ ಇನ್ನು ಈ ಮನೆಯಲ್ಲಿ ಪ್ರಸಾದ ಸಿಕ್ಕಂತೆಯೇ ಎಂದು ನಾನು ಹೆದರಿದೆ. ಸಪಾದಭಕ್ಷ್ಯ ಬಡಿಸುತ್ತಾ ಅತ್ತೆ ಭಾವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು, “ಮಂಡಿಗೂ ಹಾಕ್ತಾರಾ?”

ಈಗ ಅತ್ತೆಯೂ ಆ ಪಂಕ್ತಿಯಲ್ಲಿ ಕೂರುತ್ತಾರೆ, ಇಬ್ಬರು ಅಜ್ಜಿಯರ ನಡುವೆ. ಯಾರ ಭಾಷೆ ಯಾರಿಗೂ ಬರುವುದಿಲ್ಲ. ಮೂವರೂ ಸೊಸೆಯಂದಿರ ವಿಷಯವನ್ನೇ ಮಾತಾಡುತ್ತಾರೆಂದು ನನಗೆ ಗುಮಾನಿ.

ಶಿವರಾತ್ರಿಯ ಹೊತ್ತಿಗೆ ಅಕ್ಕನ ಕೆನ್ನೆಯಲ್ಲಿ ಸಣ್ಣ ಅಲುಗಾಟ ಕಂಡಿತು. ಆಮೇಲೆ ಹುಬ್ಬು. ಆಸ್ಪತ್ರೆಯ ಡಾಕ್ಟರು ನಾನು ಹೇಳಿರಲಿಲ್ಲವೇ ಎಂದರಂತೆ. ಡಾಕ್ಟರಮ್ಮ ಏನೂ ಹೇಳದೆ ಇನ್ನೊಂದು ಸೂಜಿ ಹಾಕಿದರಂತೆ. ತಾವು ಹೊತ್ತ ಹರಕೆಯ ಫಲ ಎಂದು ಅತ್ತೆ. ಧರ್ಮಾವರಂ ಸೀರೆ ಎಂದು ಭಾವ! ಯಾರಿಂದಾಯಿತೋ ನನಗೆ ತಿಳಿಯದು. ಅಕ್ಕನನ್ನು ಕೇಳಿದರೆ, ಆ ಹಾಲಿನಲ್ಲಿ ಎಲ್ಲರದ್ದೂ ಏನೋ ಒಂದು ಸೊಟ್ಟಗಿದ್ದದ್ದರಿಂದ ಸೆರಗು ತೆಗೆದು ಕೂರಲು ನಾಚಿಕೆಯಾಗಲಿಲ್ಲ, ಅಷ್ಟಂತೂ ನಿಜ ಎಂದಳು. ಹೋದ ಗುರುವಾರ ತಾನಾಗಿ ಫೋನು ಮಾಡಿ, ಭಾನುವಾರ ಊಟಕ್ಕೆ ಬರುತ್ತೇವೆ ಎಂದಳು.

ಅದಕ್ಕೇ ಇವತ್ತು ಇಷ್ಟೆಲ್ಲ ಸಂಭ್ರಮ. ಕಣ್ಣಿಗೆ ಬಿದ್ದು ಭಾವ ಮತ್ತೆ ಮೂರ್ಛೆ ಹೋಗದಿರಲೆಂದೇ ಸೂಜಿ ಪಿನ್ನೆಲ್ಲ ಅರೆಗೆ ಏರಿಸಿದ್ದು. ಬಂದಳು. ಸೆರಗು ಸೊಂಟದಲ್ಲಿತ್ತು. ಆದರೆ ಭಾವನಿಗೆ ಏನಾಗಿತ್ತೋ, ಒಂದು ಮಾತಿಲ್ಲ. ಸೂಜಿಯ ಜಾಗ ಹುಡುಕುತ್ತಾ ಯಾರ ಕೈಯನ್ನೂ ಹಿಡಿದು ಒತ್ತಲಿಲ್ಲ, ಟೋಸ್ಟರನ್ನು ಮುಟ್ಟಲಿಲ್ಲ. ಊಟ ಮುಗಿಸಿ ಸೋಫಾದ ಮೂಲೆಯಲ್ಲಿ ಕೂತರು. ನಾನು ಪಾತ್ರೆ ತೊಳೆಯುತ್ತಾ, ಭಾವನಿಗೆ ಹುಷಾರಿಲ್ಲವೇ ಎಂದು ಅಕ್ಕನನ್ನು ಕೇಳಿದೆ.

ಅಕ್ಕ ಪಾತ್ರೆ ಒರೆಸುತ್ತಾ ಹೇಳಿದಳು. “ನನ್ನ ಎಡಗಣ್ಣು ಮುಚ್ತಾನೇ ಇರ್ಲಿಲ್ಲ ಕಣೇ, ನಿಂಗೆ ಹೇಳಿರ್ಲಿಲ್ಲ. ಮಲಗಿದ್ರೂ ತೆಗ್ದೇ ಇರೋದು. ಒಣಗಿಹೋದ್ರೆ ದೃಷ್ಟಿಗೇ ಅಪಾಯ ಅಂದಿದ್ರು. ದಿನಾ ಇವರೇ ಬೆರಳಲ್ಲಿ ರೆಪ್ಪೆ ಎಳೆದು ಟೇಪು ಹಚ್ಚೋರು. ನಿದ್ದೇಲಿ ಅದು ಕಿತ್ತು ಬಂದ್ರೆ ಅಂತ ನೋಡ್ಕೊಂಡು ಕೂತಿರೋರು. ಮಲಗಿ ಅಂದ್ರೆ, ನೀನು ಮೊದಲು ಮಲಗು ಅನ್ನೋರು.”

“ಈಗ?”

“ಹೋದ ವಾರದಿಂದ ತಾನಾಗೇ ಮುಚ್ತಾ ಇದೆ. ಟೇಪು ಬೇಡ. ಇವರು ಮಾತ್ರ ಇನ್ನೂ ನೋಡ್ತಾ ಕೂತಿರ್ತಾರೆ.”

ಇಬ್ಬರೂ ಕೈ ಒರೆಸಿಕೊಂಡು ಹಾಲಿಗೆ ಬಂದೆವು. ಭಾವ ಸೋಫಾದಲ್ಲಿ ಒರಗಿ, ಕನ್ನಡಕ ಓರೆಯಾಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಮನೆಯೊಳಗೆ ಹಾಕುವ ಚಪ್ಪಲಿ ಒಂದು ಇನ್ನೂ ಕಾಲಲ್ಲೇ ಇತ್ತು. ಅಕ್ಕ ಹತ್ತಿರ ಹೋಗಿ ಕನ್ನಡಕ ತೆಗೆದಳು. ಮುಖ ನೋಡಿದಳು. ನಕ್ಕಳು. ಬಲಗೆನ್ನೆ ಮೊದಲು ಏರಿತು. ಎಡಗೆನ್ನೆ ಒಂದು ಉಸಿರಿನಷ್ಟು ತಡವಾಗಿ ಬಂತು. ಬಂತು.

ಊಟಕ್ಕೆ ಇದ್ದದ್ದು ಕೋಸಂಬರಿ, ಹುರುಳಿಕಾಯಿ ಪಲ್ಯ, ಮಜ್ಜಿಗೆಹುಳಿ, ತಿಳಿಸಾರು, ಹಯಗ್ರೀವ, ಮೊಸರನ್ನ. ಅಕ್ಕ ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಎಲ್ಲರ ಎದುರಿಗೆ ಕುಡಿದಳು, ಸೀರೆಯ ಮೇಲೆ ಹನಿ ಬೀಳಲಿಲ್ಲ. ಊಟವಾದ ಮೇಲೆ ಅತ್ತೆ ಚಾಪೆಯ ಮೇಲೆ, ಅಕ್ಕ ಸೋಫಾಕ್ಕೆ ಒರಗಿ ನೆಲದ ಮೇಲೆ, ಎಲ್ಲರೂ ಸ್ವಲ್ಪ ಹೊತ್ತು ಮಲಗಿದೆವು. ಮೊದಲು ನಿದ್ದೆ ಹೋದವರು ಭಾವ.