ಗಂಟಲಿನ ಗಂಡಸುತನ

ಗೊರಕೆ ಹೊಡೆಯುವವನಿಗೆ ಈ ಲೋಕದಲ್ಲಿ ಒಂದೇ ಸುಖ: ತನ್ನ ಗೊರಕೆ ತನಗೆ ಕೇಳಿಸುವುದಿಲ್ಲ. ನನ್ನ ಹೆಂಡತಿ ಆ ಸುಖವನ್ನೂ ಉಳಿಸಲಿಲ್ಲ. "ವಾಡಿ ಸ್ಟೇಷನ್ನಿನ ಗೂಡ್ಸ್ ಗಾಡಿ ಆದ್ರೂ ನಡುನಡುವ ನಿಲ್ತದ, ಇವರದು ನಿಲ್ಲಂಗಿಲ್ಲ" ಎಂದು ಶಹಾಬಾದದ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ತಲೆಯೆತ್ತಿ ತಿರುಗುವುದು ಕಷ್ಟವಾಗಿ ಡಾಕ್ಟರ್ ಖಾಜಾಸಾಹೇಬರ ಹತ್ತಿರ ಹೋದೆ.

ಅವರು ನನ್ನ ಬಾಯಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಮಾಸ್ತರ್ರೇ, ಗಂಡಸರ ಗಂಟಲದಾಗ ಉಸಿರಿನ ದಾರಿ ಉದ್ದ ಇರ್ತದ. ಮಲಗಿದಾಗ ಲಗೂನ ಮುಚ್ಕೊಂತದ. ಹೆಣ್ಣಮಕ್ಕಳದು ಗಿಡ್ಡ, ಅವರಿಗಿ ಗೊರಕಿ ಕಮ್ಮಿ. ದೊಡ್ಡ ದಿಂಬು ಇಟ್ಕೊಂಡು ಗದ್ದ ಎದಿಗಿ ಹಚ್ಚಿ ಮಲಗಬ್ಯಾಡ್ರಿ" ಎಂದರು.

"ಕಮ್ಮಿ" ಎಂಬ ಮಾತನ್ನು ದವಾಖಾನೆಯಲ್ಲೇ ಬಿಟ್ಟು ಬಂದೆ. ಗೊರಕೆಯೂ ಮೀಸೆಯ ಹಾಗೆ ಗಂಡಸಿನ ಲಕ್ಷಣ, ಹೆಂಗಸಿನ ಗಂಟಲಿಗೆ ಆ ಯೋಗ್ಯತೆಯೇ ಇಲ್ಲ ಎಂದು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಪಾಠ ಮಾಡಿದೆ. ಹುಟ್ಟಿದಾಗಿನಿಂದ ಕತ್ತು ಬಗ್ಗಿಸಿಕೊಂಡಿರುವ ಹೆಂಗಸರಿಗೆ ಉಸಿರು ಸಲೀಸು, ಕತ್ತು ಸೆಟೆಸಿಕೊಂಡು ತಿರುಗುವ ನಮಗೆ ಯಾಕೆ ಕಟ್ಟುತ್ತದೆ ಎಂಬ ಯೋಚನೆಯೂ ಬಂದಿತ್ತು. ಅದನ್ನು ಪಾಠದಲ್ಲಿ ಸೇರಿಸಲಿಲ್ಲ.

ಅಷ್ಟರಲ್ಲಿ ನಮ್ಮ ಮಗಳು ಶಾಂತಾಳನ್ನು ನೋಡಲು ಸುಲೇಪೇಟದಿಂದ ಸಿದ್ದಣ್ಣನವರು ಹೆಂಡತಿ, ಮಗನ ಜೊತೆ ಬಂದರು. ಹುಡುಗ ಎಲ್ಲರಿಗೂ, ಮುಖ್ಯವಾಗಿ ಶಾಂತಾಳಿಗೆ, ಹಿಡಿಸಿದ. ಅದು ಗೊತ್ತಾದದ್ದು ಅವಳು ಪದೇಪದೇ ತಲೆ ಎತ್ತಿದ್ದರಿಂದ. ಎತ್ತಿದಾಗಲೆಲ್ಲ ಅವಳ ಅವ್ವ ಹಿಂದಿನಿಂದ ತಿವಿದು ಗದ್ದವನ್ನು ಎದೆಗೆ ಹಚ್ಚಿಸುತ್ತಿದ್ದಳು.

ಹೋಳಿಗೆ ಊಟವಾದ ಮೇಲೆ ಹೆಂಗಸರು ಒಳಕೋಣೆಗೆ ಹೋದರು. ಗಂಡಸರು ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಮೈಚಾಚಿದರು. ನನಗೆ ಮಾತ್ರ, "ಗ್ವಾಡಿಗಿ ಬೆನ್ನು ಹಚ್ಚಿ ಕುಂದ್ರಿ. ಕಣ್ಣು ಮುಚ್ಚಿದ್ರ ನೋಡ್ರಿ!" ಎಂದು ಹೆಂಡತಿಯ ಅಪ್ಪಣೆಯಾಗಿತ್ತು. ಎಚ್ಚರವಿರಲೆಂದು ಸಿದ್ದಣ್ಣನವರಿಗೆ ಗಂಟಲಿನ ಪಾಠ ಶುರುಮಾಡಿದೆ. ಅವರು ಮೀಸೆ ತಿರುವುತ್ತ ಖುಷಿಯಿಂದ ಕೇಳುತ್ತಿದ್ದಾಗಲೇ ಒಳಕೋಣೆಯಿಂದ ಒಂದು ಗೊರಕೆ ಎದ್ದಿತು. ಅಂಥದ್ದನ್ನು ನಾನೂ ಹೊಡೆದಿರಲಾರೆ.

"ಒಳಗ ಗಂಡಸರು ಯಾರಿದ್ದಾರ್ರಿ?"

"ಯಾರೂ ಇಲ್ರಿ."

"ಹೆಂಗಸರು ಹೊಡಿಯಂಗೇ ಇಲ್ಲಂದ್ರಿ. ಹಂಗಾರ ನಿಮ್ಮ ಹುಡುಗಿ ಗಂಟಲದಾಗ ಏನೋ ಐಬು ಅದ. ಈ ಸಂಬಂಧ ಬ್ಯಾಡ್ರಿ" ಎಂದು ಸಿದ್ದಣ್ಣನವರು ರುಮಾಲಿಗೆ ಕೈಹಾಕಿದರು. ಹುಡುಗನ ಮುಖ ಬಾಡಿತು. ನನ್ನ ಪಾಠವೇ ನನ್ನ ಮಗಳ ಕತ್ತು ಹಿಸುಕುತ್ತಿತ್ತು. ಉದ್ದ ದಾರಿಯ ನನ್ನ ಗಂಟಲನ್ನು ಕೆಮ್ಮಿ ಸರಿಮಾಡಿಕೊಂಡೆ.

ಆಗ ಶಾಂತಾ ಚಹಾ ಹಿಡಿದು ಹೊರಗೆ ಬಂದಳು. ಕತ್ತು ನೆಟ್ಟಗಿತ್ತು. ಒಳಗಿನ ಗೊರಕೆ ನಡೆದೇ ಇತ್ತು.

"ಚಹಾ ತಗೋರಿ. ಅತ್ತಿಯವರು ಭಾಳ ಚಂದ ಮಲಗ್ಯಾರ. ಎಬ್ಬಿಸ್ಲೇನ್ರಿ?"

ಸಿದ್ದಣ್ಣನವರು ರುಮಾಲನ್ನು ಮೆಲ್ಲಗೆ ತೊಡೆಯ ಮೇಲಿಟ್ಟರು. "ಇಷ್ಟು ವರ್ಷದಾಗ ಒಂದಿನಾನೂ ನಾ ಕೇಳೇ ಇಲ್ಲಲ್ರಿ" ಎಂದರು. ಅವರು ಚಹಾ ಮುಗಿಸುವುದರೊಳಗೆ ಸಂಬಂಧ ಗಟ್ಟಿಯಾಯಿತು.

ಬೀಗರು ಬಸ್ಸು ಹತ್ತಿದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಎಂಥಾ ಮನಷ್ಯಾ ಅಂವ! ಮೊದಲ ತಾನ ಮಲಗಿಬಿಟ್ರ ಹೆಂಡ್ತಿ ಗೊರಕಿ ಹ್ಯಾಂಗ ಕೇಳಸ್ತದ?"

ಹೆಂಡತಿ ಚಹಾದ ಕಪ್ಪು-ಬಸಿಗಳನ್ನು ಎತ್ತಿಕೊಳ್ಳುತ್ತ, "ನಂದು ನಿಮಗ ಕೇಳಿಸ್ಯಾದೇನ್ರಿ?" ಎಂದಳು.

ಅಂದಿನಿಂದ ಎಚ್ಚರವಿದ್ದು ಕೇಳಿಯೇ ತೀರಬೇಕೆಂದು ದಿನಾ ಹಾಸಿಗೆಗೆ ಹೋಗುತ್ತೇನೆ. ಕಣ್ಣು ಬಿಟ್ಟರೆ ಬೆಳಗಾಗಿರುತ್ತದೆ.